ಆಗುಂಬೆ ದಾರಿಯ ಪೆಟ್ರೋಲ್ ಪಾಸ್‌ಬುಕ್

ಶಿವಮೊಗ್ಗದಿಂದ ಉಡುಪಿಗೆ ಹೋಗಲು ದಾರಿಗಳು ಹಲವಿವೆ. ಆದರೆ ತುಂಗಾ ನದಿಯ ದಂಡೆ ಹಿಡಿದು ತೀರ್ಥಹಳ್ಳಿಗೆ ಬಂದು, ಅಲ್ಲಿಂದ ಆಗುಂಬೆ ಘಾಟಿ ಇಳಿದು, ಹೆಬ್ರಿಯ ಮೇಲೆ ಕರಾವಳಿ ಸೇರುವ ದಾರಿಯ ಚೆಲುವೇ ಬೇರೆ. ನದಿ, ಆನೆ, ಹಕ್ಕಿ, ಅಡಿಕೆ ತೋಟ, ಮಳೆಕಾಡು, ಘಾಟಿ, ಕೊನೆಗೆ ಕಡಲು. ಅರ್ಧ ದಿನದೊಳಗೆ ಇಷ್ಟನ್ನೂ ತೋರಿಸುವ ರಸ್ತೆಗಳು ನಮ್ಮ ನಾಡಿನಲ್ಲಿ ಹೆಚ್ಚಿಲ್ಲ. ಆಗುಂಬೆಯ ಮಳೆಯ ಬಗ್ಗೆ, ಸೂರ್ಯಾಸ್ತದ ಬಗ್ಗೆ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರ್ ಬರೆದು ನಿವೃತ್ತನಾದವನು. ನನಗೆ ಈ ದಾರಿಯಲ್ಲಿ ಇನ್ನೊಂದು ಸಂಗತಿ ಕಾಣಿಸುತ್ತದೆ. ಈ ದಾರಿ ಎಷ್ಟು ಪೆಟ್ರೋಲ್ ಕುಡಿಯುತ್ತದೆ? ಒಂದೇ ದಾರಿ, ಒಂದೇ ಕಾರು, ಆದರೂ ಒಂದು ಸಲ ಹೆಚ್ಚು, ಒಂದು ಸಲ ಕಡಿಮೆ ಯಾಕೆ ಕುಡಿಯುತ್ತದೆ?

ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಮಲ್ಪೆಯ ಹತ್ತಿರ ನನ್ನ ಅಕ್ಕ ಇದ್ದಾಳೆ. ಅವಳಿಗೆ 84 ವರ್ಷ. ಅವಳೀಗ ಘಾಟಿ ಹತ್ತಿ ನಮ್ಮ ಮನೆಗೆ ಬರುವ ಹಾಗಿಲ್ಲ, ನಾವೇ ಇಳಿದು ಹೋಗಬೇಕು. ನಮ್ಮ ಮನೆಯಿಂದ ಅವಳ ಮನೆಗೆ 160 ಕಿಲೋಮೀಟರ್, ಹೋಗಿ ಬಂದರೆ 320. ನನ್ನ ಪಿಂಚಣಿಯಲ್ಲಿ ಅಕ್ಕನ ಊರಿನ ಪೆಟ್ರೋಲಿಗೆಂದು ವರ್ಷಕ್ಕೆ 8000 ರೂಪಾಯಿ ತೆಗೆದಿಡುತ್ತೇನೆ. ಔಷಧಿ, ಕರೆಂಟು, ಹಾಲು ಎಲ್ಲ ಕಳೆದು ಉಳಿಯುವುದರಲ್ಲಿ ಅದಕ್ಕಿಂತ ಹೆಚ್ಚು ಎತ್ತಿಡಲಾಗದು. ಆ 8000 ರೂಪಾಯಿಯಲ್ಲಿ ಎಷ್ಟು ಸಲ ಅಕ್ಕನ ಮುಖ ನೋಡಬಹುದು ಎಂಬುದು ನನ್ನ ಲೆಕ್ಕ.

ನಮ್ಮದು 800 ಸಿಸಿಯ ಪುಟ್ಟ ಆಲ್ಟೊ ಕಾರು. ಅದಕ್ಕೊಂದು ಪಾಸ್‌ಬುಕ್ ಮಾಡಿದ್ದೇನೆ. ಶಾಲೆಯ ನೂರು ಪುಟದ ನೋಟ್‌ಬುಕ್ಕು ಅಷ್ಟೆ. ಟ್ಯಾಂಕ್ ತುಂಬಿಸಿದಾಗ ಬಂಕಿನ ಪಂಪು ತಾನಾಗಿ 'ಟಕ್' ಎಂದು ನಿಲ್ಲುವವರೆಗೆ ಹಾಕಿಸಿ, ಕಾರಿನ ಮೀಟರ್ ಎಷ್ಟು ತೋರಿಸುತ್ತಿದೆ ಎಂದು ಬರೆಯುವುದು. ಮುಂದಿನ ಸಲ ಮತ್ತೆ ಅದೇ ರೀತಿ ತುಂಬಿಸಿ, ಎಷ್ಟು ಲೀಟರ್ ಹಿಡಿಯಿತು, ಎಷ್ಟು ಕಿಲೋಮೀಟರ್ ಓಡಿತು ಎಂದು ಬರೆದು ಭಾಗಿಸುವುದು. ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಉತ್ತರ ಬರುತ್ತದೆ. ಇದಕ್ಕೆ ಐದನೇ ತರಗತಿಯ ಗಣಿತ ಸಾಕು. ನಮ್ಮ ಮನೆಯಲ್ಲಿ ಈ ಪುಸ್ತಕದ ಉಸ್ತುವಾರಿ ಏಳನೇ ತರಗತಿಯ ಮೊಮ್ಮಗಳದು.

ಈ ದೀಪಾವಳಿಗೆ ಅಕ್ಕನ ಮನೆಗೆ ಹೋದಾಗ ಕಾರು ಓಡಿಸಿದವನು ಮಗ. ನಾವು ಒಟ್ಟು ನಾಲ್ಕು ಜನ. ಹೋಗಿ ಬಂದದ್ದು 320 ಕಿ.ಮೀ., ಹಿಡಿದ ಪೆಟ್ರೋಲ್ 20 ಲೀಟರ್. ಅಂದರೆ ಲೀಟರಿಗೆ 16. ಮೂರು ವಾರ ಕಳೆದ ಮೇಲೆ ಅಕ್ಕನ ಕಣ್ಣಿನ ಪೊರೆ ತೆಗೆದರು ಎಂದು ಮತ್ತೆ ಹೊರಟೆವು. ಮಗನಿಗೆ ರಜೆ ಇರಲಿಲ್ಲ. ಅವನ ಜಾಗದಲ್ಲಿ ಸೊಸೆ ಬಂದಳು, ಸ್ಟಿಯರಿಂಗ್ ನನ್ನ ಕೈಗೆ ಬಂತು. ಮತ್ತೆ ನಾಲ್ಕೇ ಜನ, ಅದೇ 320 ಕಿ.ಮೀ., ಹಿಡಿದದ್ದು 16 ಲೀಟರ್. ಲೀಟರಿಗೆ 20!

ಮೊಮ್ಮಗಳು ಎರಡೆರಡು ಸಲ ಭಾಗಾಕಾರ ಮಾಡಿ ನೋಡಿದಳು. "ಅಜ್ಜಾ, ನಾಲ್ಕು ಲೀಟರ್ ಎಲ್ಲಿ ಹೋಯ್ತು? ಟ್ಯಾಂಕು ಸೋರ್ತಾ ಇತ್ತಾ?" ಎಂದು ಕೇಳಿದಳು.

ಬ್ಯಾಂಕಿನಲ್ಲಿ ದಿನದ ಕೊನೆಗೆ ನಾಲ್ಕು ರೂಪಾಯಿ ಟ್ಯಾಲಿ ಆಗದಿದ್ದರೂ ನಾವು ಮನೆಗೆ ಹೋಗುತ್ತಿರಲಿಲ್ಲ. ನಾಲ್ಕು ಲೀಟರ್ ಪೆಟ್ರೋಲ್ ಎಂದರೆ ಸಣ್ಣ ವ್ಯತ್ಯಾಸವೇ? ಲೆಕ್ಕಕ್ಕೆ ಸುಲಭವಾಗಲೆಂದು ಲೀಟರಿಗೆ 100 ರೂಪಾಯಿ ಎಂದು ಇಟ್ಟುಕೊಂಡರೂ ಒಂದು ಪ್ರಯಾಣಕ್ಕೆ 400 ರೂಪಾಯಿ. ಬನ್ನಿ ಮಕ್ಕಳೇ, ಆ ದಾರಿಯಲ್ಲೇ ಇನ್ನೊಮ್ಮೆ ಹೋಗಿ ಆ ನಾಲ್ಕು ಲೀಟರನ್ನು ಹುಡುಕೋಣ.

ಹುಡುಕಾಟ ಮನೆಯಂಗಳದಿಂದಲೇ ಶುರು. ಹೊರಡುವ ಹಿಂದಿನ ಸಂಜೆ ನಾನು ಡಿಕ್ಕಿ ತೆರೆದು ನೋಡುತ್ತೇನೆ. ಹಳೆ ಪೇಪರಿನ ಕಟ್ಟು, ಮಗನ ಡಂಬೆಲ್ಲು, ಹೋದ ತಿಂಗಳ ತೆಂಗಿನಕಾಯಿ ಚೀಲ ಎಲ್ಲ ಅಲ್ಲೇ ಇರುತ್ತವೆ. ಇವನ್ನೆಲ್ಲ ಉಡುಪಿ ತೋರಿಸಿ ಕರೆತರುವ ಅಗತ್ಯವಿಲ್ಲ. ಭಾರ ಹೆಚ್ಚಾದಷ್ಟೂ ಕಾರನ್ನು ಎಳೆಯಲು ಹೆಚ್ಚು ಪೆಟ್ರೋಲ್ ಬೇಕು, ಅದರಲ್ಲೂ ಘಾಟಿ ಹತ್ತುವಾಗ. ಬೆಳಿಗ್ಗೆ ಟೈರುಗಳು ತಣ್ಣಗಿರುವಾಗಲೇ ಹತ್ತಿರದ ಬಂಕಿನಲ್ಲಿ ಗಾಳಿ ನೋಡಿಸುತ್ತೇನೆ. ಎಷ್ಟು ಗಾಳಿ ಬೇಕು ಎಂದು ಕಾರಿನ ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಗಾಳಿ ಕಡಿಮೆಯಾದ ಸೈಕಲ್ಲನ್ನು ತುಳಿದ ಮಕ್ಕಳಿಗೆ ಇದನ್ನು ವಿವರಿಸಬೇಕಿಲ್ಲ. ಕಾಲು ನೋಯುತ್ತದೆ, ಸೈಕಲ್ ಮುಂದೆ ಹೋಗುವುದಿಲ್ಲ. ಕಾರಿಗೆ ಕಾಲು ನೋಯುವುದಿಲ್ಲ, ನಮ್ಮ ಜೇಬಿಗೆ ನೋಯುತ್ತದೆ.

ಇನ್ನೊಂದು ಹಳೆಯ ಪದ್ಧತಿಯಿದೆ. ಇಂಜಿನ್ 'ಬಿಸಿಯಾಗಲಿ' ಎಂದು ಮನೆ ಮುಂದೆ ಐದು ಹತ್ತು ನಿಮಿಷ ಕಾರನ್ನು ಗುರುಗುಟ್ಟಿಸುವುದು. ಈಗಿನ ಕಾರುಗಳಿಗೆ ಅದು ಬೇಡ. ಸ್ಟಾರ್ಟ್ ಮಾಡಿ, ಎಲ್ಲರೂ ಬೆಲ್ಟ್ ಹಾಕಿಕೊಂಡರೇ ಎಂದು ನೋಡಿ, ಮೊದಲ ಒಂದೆರಡು ಕಿಲೋಮೀಟರ್ ಮೆಲ್ಲಗೆ ಹೋದರೆ ಇಂಜಿನ್ ತಾನೇ ಬಿಸಿಯಾಗುತ್ತದೆ. ನಿಂತಲ್ಲೇ ಓಡುವ ಸಣ್ಣ ಕಾರಿನ ಇಂಜಿನ್ ನಿಮಿಷಕ್ಕೆ ಸುಮಾರು 10 ಮಿಲಿಲೀಟರ್ ಪೆಟ್ರೋಲ್ ಕುಡಿಯುತ್ತದೆ. ಅಂದರೆ ನಿಮಿಷಕ್ಕೆ ಒಂದು ರೂಪಾಯಿ. ಶಿವಮೊಗ್ಗದ ಸಿಗ್ನಲ್ಲಿನಲ್ಲಿ ಕೆಂಪು ದೀಪ ಅರ್ಧ ನಿಮಿಷಕ್ಕಿಂತ ಹೆಚ್ಚು ಇದೆ ಎಂದು ಕಂಡರೆ ಇಂಜಿನ್ ಆರಿಸುತ್ತೇನೆ. ದಾರಿಯಲ್ಲಿ ಹೂವು ಕೊಳ್ಳಲು, ಮಾತ್ರೆ ಕೊಳ್ಳಲು ನಿಂತರೂ ಅಷ್ಟೇ. ನನ್ನಾಕೆ ಅಂಗಡಿಯಲ್ಲಿ ಸೇವಂತಿಗೆ ಚೌಕಾಸಿ ಮಾಡುವ ಹೊತ್ತಿಗೆ ಹತ್ತು ರೂಪಾಯಿ ಉರಿದುಹೋದರೆ ಚೌಕಾಸಿ ಮಾಡಿ ಏನು ಫಲ?

ಊರು ದಾಟಿದರೆ ಗಾಜನೂರು. ತುಂಗೆಗೆ ಇಲ್ಲಿ ಅಣೆಕಟ್ಟು ಕಟ್ಟಿದ್ದಾರೆ. ಸ್ವಲ್ಪ ಮುಂದೆ ಸಕ್ರೆಬೈಲು, ಆನೆಗಳ ಬಿಡಾರ. ಬೆಳಗಿನ ಹೊತ್ತಿಗೆ ಹೋದರೆ ಮಾವುತರು ಆನೆಗಳನ್ನು ನೀರಿಗಿಳಿಸಿ ಮೈ ತಿಕ್ಕಿ ತೊಳೆಯುವುದನ್ನು ನೋಡಬಹುದು. ಇನ್ನೂ ಮುಂದೆ ಮಂಡಗದ್ದೆ. ಮಳೆಗಾಲದಲ್ಲಿ ಇಲ್ಲಿ ನದಿಯ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ರಸ್ತೆಯಿಂದಲೇ ಕಾಣಿಸುತ್ತವೆ. ನಾವು ಹೋದಾಗ ಮಳೆಗಾಲ ಮುಗಿದಿತ್ತು, ಮರಗಳು ಹಸಿರಾಗಿ ಖಾಲಿ ನಿಂತಿದ್ದವು.

ಈ ದಾರಿಯಲ್ಲಿ ಊರಿಗೊಂದೆರಡು ಹಂಪು. ಶಾಲೆಯ ಮುಂದೆ, ದೇವಸ್ಥಾನದ ಮುಂದೆ, ಬಸ್ ನಿಲ್ದಾಣದ ಹತ್ತಿರ. ಕಳೆದುಹೋದ ಪೆಟ್ರೋಲಿನ ದೊಡ್ಡ ಪಾಲು ನನಗೆ ಸಿಕ್ಕಿದ್ದು ಈ ಹಂಪುಗಳ ಬಳಿಯಲ್ಲೇ. ಮಗ ಓಡಿಸುವಾಗ ಹಂಪಿನ ಹತ್ತಿರದವರೆಗೂ ಆಕ್ಸಿಲರೇಟರ್ ಮೇಲೆ ಕಾಲು, ಅಲ್ಲಿ ತಟ್ಟನೆ ಬ್ರೇಕ್, ಹಂಪು ದಾಟಿದ ಕೂಡಲೇ ಮತ್ತೆ ಜೋರಾಗಿ ಆಕ್ಸಿಲರೇಟರ್. ಅವನೊಬ್ಬನೇ ಅಲ್ಲ, ರಸ್ತೆಯಲ್ಲಿ ನೂರಕ್ಕೆ ತೊಂಬತ್ತು ಜನ ಓಡಿಸುವುದು ಹೀಗೆಯೇ. ಇದರಲ್ಲಿ ನಷ್ಟ ಎಲ್ಲಿದೆ?

ನಾನು ಮೊಮ್ಮಗಳಿಗೆ ಬ್ಯಾಂಕಿನ ಭಾಷೆಯಲ್ಲಿ ಹೇಳಿದೆ. "ನೋಡು ಪುಟ್ಟಿ, ಕಾರಿನ ವೇಗ ಅಂದ್ರೆ ಒಂದು ಠೇವಣಿ. ಪೆಟ್ರೋಲ್ ಕೊಟ್ಟು ನಾವು ವೇಗವನ್ನ ಜಮಾ ಮಾಡಿರ್ತೀವಿ. ಬ್ರೇಕ್ ಒತ್ತಿದ್ರೆ ಆ ಠೇವಣಿ ಬಿಸಿಯಾಗಿ ಗಾಳಿಗೆ ಹೋಗತ್ತೆ, ವಾಪಸ್ ಬರಲ್ಲ. ಅದರ ಬದಲು ಹಂಪು ದೂರದಲ್ಲಿ ಕಂಡಾಗಲೇ ಆಕ್ಸಿಲರೇಟರಿನಿಂದ ಕಾಲು ತೆಗೆದ್ರೆ, ಜಮಾ ಆದ ವೇಗದಲ್ಲೇ ಕಾರು ಹಂಪಿನ ತನಕ ತಾನಾಗಿ ಹೋಗತ್ತೆ. ಅಷ್ಟು ದೂರ ಪುಕ್ಕಟೆ."

"ಒಂದು ಬ್ರೇಕಿಗೆ ಎಷ್ಟು ಪೆಟ್ರೋಲ್ ಹೋಗತ್ತೆ?" ಎಂದಳು. ಲೆಕ್ಕ ಕೇಳುವ ಮಗು ಕಂಡರೆ ನನಗೆ ಪ್ರೀತಿ.

ಕಾರು, ಅದರಲ್ಲಿರುವ ನಾಲ್ಕು ಜನ, ಚೀಲ ಎಲ್ಲ ಸೇರಿ 1000 ಕೆ.ಜಿ. ಎಂದು ಹಿಡಿಯೋಣ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಅಂಥ ಕಾರಿನಲ್ಲಿ ಜಮಾ ಆಗಿರುವ ಚಲನಶಕ್ತಿ ಸುಮಾರು 1,39,000 ಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 3 ಕೋಟಿ 20 ಲಕ್ಷ ಜೂಲ್ ಶಕ್ತಿ ಇದೆ. ಆದರೆ ಇಂಜಿನ್ ಅದರಲ್ಲಿ ಚಕ್ರಕ್ಕೆ ತಲುಪಿಸುವುದು ಹೆಚ್ಚೆಂದರೆ ಕಾಲು ಭಾಗ. ಉಳಿದ ಮುಕ್ಕಾಲು ಭಾಗ ಶಾಖವಾಗಿ ಹೊಗೆ ಕೊಳವೆಯಿಂದ, ರೇಡಿಯೇಟರಿನಿಂದ ಹೊರಗೆ ಹೋಗುತ್ತದೆ. ಈ ಲೆಕ್ಕದಲ್ಲಿ ನಿಂತ ಕಾರನ್ನು 60ರ ವೇಗಕ್ಕೆ ತರಲು ಸುಮಾರು 17 ಮಿಲಿಲೀಟರ್ ಪೆಟ್ರೋಲ್ ಬೇಕು. ಅಡುಗೆ ಮನೆಯ ದೊಡ್ಡ ಚಮಚದಲ್ಲಿ ಒಂದು ಚಮಚ ತುಂಬ. ಜೋರಾಗಿ ಬ್ರೇಕ್ ಒತ್ತಿ ನಿಲ್ಲಿಸಿದಾಗಲೆಲ್ಲ ಒಂದು ಚಮಚ ಪೆಟ್ರೋಲನ್ನು ರಸ್ತೆಗೆ ಚೆಲ್ಲಿದ ಹಾಗೆ. ಬೆಲೆ ಒಂದು ರೂಪಾಯಿ ಎಪ್ಪತ್ತು ಪೈಸೆ. ವೇಗ 80 ಇದ್ದರೆ? ವೇಗ ಹೆಚ್ಚಾದದ್ದು ಮೂರನೇ ಒಂದು ಭಾಗ, ಆದರೆ ಶಕ್ತಿ ವೇಗದ ವರ್ಗದಂತೆ ಏರುತ್ತದೆ. ಆಗ 31 ಮಿಲಿಲೀಟರ್, ಎರಡು ಚಮಚ!

"ಹನಿ ಹನಿಗೂಡಿದರೆ ಹಳ್ಳ" ಎಂದು ಹಿರಿಯರು ಹೇಳಿದ್ದು ಜಮಾಕ್ಕೂ ಸರಿ, ಖರ್ಚಿಗೂ ಸರಿ. ಹೋಗಿ ಬರುವ ದಾರಿಯಲ್ಲಿ ಇಂಥ ಅರವತ್ತು ಚಮಚ ಚೆಲ್ಲಿದರೆ ಒಂದು ಲೀಟರ್ ಹೋಯಿತು. ನಾಲ್ಕರಲ್ಲಿ ಒಂದು ಸಿಕ್ಕಿತಲ್ಲ?

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಬ್ರೇಕ್ ಇರುವುದು ಒತ್ತುವುದಕ್ಕೇ. ಹಸು ಅಡ್ಡ ಬಂದರೆ, ಮಗು ಓಡಿ ಬಂದರೆ, ಚಮಚದ ಲೆಕ್ಕ ಹಾಕುತ್ತ ಕೂರಬಾರದು. ನಾನು ಹೇಳುವುದು ದೂರ ನೋಡುವ ಅಭ್ಯಾಸದ ಬಗ್ಗೆ. ಮುಂದಿನ ಕಾರಿನ ಹಿಂಭಾಗವನ್ನಷ್ಟೇ ನೋಡುತ್ತ ಓಡಿಸುವವನಿಗೆ ಎಲ್ಲವೂ ತಟ್ಟನೆ ಎದುರಾಗುತ್ತದೆ. ಅದರಾಚೆಯ ಬಸ್ಸು ನಿಲ್ಲುತ್ತಿದೆಯೇ, ತಿರುವು ಬರುತ್ತಿದೆಯೇ, ಶಾಲೆ ಬಿಟ್ಟಿದೆಯೇ ಎಂದು ನೋಡುವವನಿಗೆ ಕಾಲು ತೆಗೆಯಲು ಸಮಯವಿರುತ್ತದೆ. ಹೀಗೆ ಉಳಿಸಿದ ಪೆಟ್ರೋಲಿನ ಜೊತೆಗೆ ಸುರಕ್ಷತೆಯೂ ಬಡ್ಡಿಯಾಗಿ ಸಿಗುತ್ತದೆ.

ತೀರ್ಥಹಳ್ಳಿಯಲ್ಲಿ ತಿಂಡಿ. ಬಿಸಿ ಇಡ್ಲಿ, ಕಾಫಿ. ಸೊಸೆ ಗಡಿಯಾರ ನೋಡಿ, "ಮಾವ, ಅವರು ಓಡ್ಸಿದ್ರೆ ಇಷ್ಟೊತ್ತಿಗೆ ಆಗುಂಬೆ ಹತ್ತಿರ ಇರ್ತಿದ್ವಿ" ಎಂದು ನಕ್ಕಳು. ನಿಜ. ಇಡೀ ಪ್ರಯಾಣಕ್ಕೆ ಮಗ ತೆಗೆದುಕೊಂಡದ್ದು 3 ಗಂಟೆ 40 ನಿಮಿಷ, ನಾನು ತೆಗೆದುಕೊಂಡದ್ದು 4 ಗಂಟೆ 5 ನಿಮಿಷ. ಇಪ್ಪತ್ತೈದು ನಿಮಿಷ ತಡ. ಮಗನಿಗೆ ಸೋಮವಾರ ಆಫೀಸು, ಅವನಿಗೆ ಆ ನಿಮಿಷಗಳ ಬೆಲೆ ಬೇರೆ. ನಿವೃತ್ತನಾದ ನನಗೆ ಅದೇ ಇಪ್ಪತ್ತೈದು ನಿಮಿಷಕ್ಕೆ ಇನ್ನೂರು ರೂಪಾಯಿ ಸಂಬಳ ಸಿಕ್ಕ ಹಾಗಾಯಿತು. ಬರುವಾಗ ಇನ್ನೊಂದು ಇನ್ನೂರು.

ಈ ವೇಗದ ವಿಷಯದಲ್ಲಿ ಗಾಳಿಯ ಪಾತ್ರ ದೊಡ್ಡದು. ಮಕ್ಕಳೇ, ಕೊಡೆಯನ್ನು ಮುಂದಕ್ಕೆ ಬಿಚ್ಚಿ ಹಿಡಿದು ನಡೆದು ನೋಡಿ, ಆಮೇಲೆ ಓಡಿ ನೋಡಿ. ಓಡುವಾಗ ಗಾಳಿ ಕೊಡೆಯನ್ನು ಹಿಂದಕ್ಕೆ ತಳ್ಳುವುದು ಗೊತ್ತಾಗುತ್ತದೆ. ಕಾರಿಗೂ ಹೀಗೆಯೇ. ಗಾಳಿಯ ಅಡ್ಡಿ ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಳಿ ಎಷ್ಟು ತಡೆಯುತ್ತದೋ, 80ರಲ್ಲಿ ಅದರ ಒಂದೂಮುಕ್ಕಾಲು ಪಟ್ಟು ತಡೆಯುತ್ತದೆ. 100 ಮುಟ್ಟಿದರೆ ಸುಮಾರು ಎರಡೂಮುಕ್ಕಾಲು ಪಟ್ಟು. ಪೆಟ್ರೋಲ್ ಉಳಿಸಲು ಗಂಟೆಗೆ 45ರಿಂದ 55 ಕಿ.ಮೀ. ವೇಗದಲ್ಲಿ ಓಡಿಸಿ ಎಂದು ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘದವರು ಬಹಳ ಹಿಂದಿನಿಂದ ಹೇಳುತ್ತ ಬಂದಿದ್ದಾರೆ. ನಾನು ತೆರವಾದ ರಸ್ತೆಯಲ್ಲಿ 55ರಿಂದ 60ರಲ್ಲಿ ಹೋಗುತ್ತೇನೆ. ಐದನೇ ಗೇರಿನಲ್ಲಿ ಕಾರು ಆ ವೇಗದಲ್ಲಿ ಸದ್ದಿಲ್ಲದೆ ಸಾಗುತ್ತದೆ. ಹಿಂದೆ ಯಾರಾದರೂ ಅವಸರದಲ್ಲಿದ್ದರೆ ಎಡಕ್ಕೆ ಸರಿದು ದಾರಿ ಬಿಡುತ್ತೇನೆ. ನಾವು ಉಳಿಸುವುದಕ್ಕಾಗಿ ಅವರನ್ನು ಕಾಯಿಸಬಾರದಲ್ಲ. ಗೇರನ್ನೂ ಹಾಗೆಯೇ, ಇಂಜಿನ್ ಕಿರುಚುವ ಮೊದಲೇ ಮೇಲಿನ ಗೇರಿಗೆ ಹಾಕುತ್ತೇನೆ, ಅದು ಗದಗುಟ್ಟಿ ನಡುಗುವ ಮೊದಲೇ ಕೆಳಗಿನ ಗೇರಿಗೆ ಇಳಿಸುತ್ತೇನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಕಾರು ಓಡಿಸುವವರ ಬಲಗಾಲಿಗೇ ಹೇಳಿರಬೇಕು!

ಮೇಗರವಳ್ಳಿ ದಾಟಿದ ಮೇಲೆ ಕಾಡು ಒತ್ತೊತ್ತಾಗುತ್ತದೆ. ಆಗುಂಬೆ ಬಂತು. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು. ಶಂಕರ್ ನಾಗ್ ಅವರು ಆರ್.ಕೆ. ನಾರಾಯಣ್ ಅವರ ಕತೆಗಳನ್ನು 'ಮಾಲ್ಗುಡಿ ಡೇಸ್' ಧಾರಾವಾಹಿ ಮಾಡಿದಾಗ ಚಿತ್ರೀಕರಣ ನಡೆದದ್ದು ಇಲ್ಲಿಯೇ. ಅಜ್ಜ ಅಜ್ಜಿಯರಿಗೆ ಅದು ಚೆನ್ನಾಗಿ ನೆನಪಿರುತ್ತದೆ. ಕಾಳಿಂಗ ಸರ್ಪಗಳಿಗೂ ಈ ಕಾಡು ಹೆಸರುವಾಸಿ.

ಆಗುಂಬೆ ಸಮುದ್ರ ಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. ಘಾಟಿಯ ಬುಡದಲ್ಲಿ ಸೋಮೇಶ್ವರ. ನಡುವೆ 14 ಹೇರ್‌ಪಿನ್ ತಿರುವುಗಳಲ್ಲಿ ರಸ್ತೆ 500 ಮೀಟರಿಗೂ ಹೆಚ್ಚು ಕೆಳಗಿಳಿಯುತ್ತದೆ. ಭಾರಿ ಲಾರಿಗಳಿಗೆ ಇಲ್ಲಿ ಪ್ರವೇಶವಿಲ್ಲ. ವೇಗ ಒಂದು ಉಳಿತಾಯ ಖಾತೆಯಾದರೆ, ಎತ್ತರವನ್ನು ನಿಶ್ಚಿತ ಠೇವಣಿ ಎನ್ನಬೇಕು. ಘಾಟಿ ಹತ್ತುವಾಗ ಪೆಟ್ರೋಲ್ ಕೊಟ್ಟು ಇಡುತ್ತೇವೆ, ಇಳಿಯುವಾಗ ಅದು ನಮ್ಮ ಕೈಗೆ ಬರುತ್ತದೆ. ಹೇಗೆ ತೆಗೆದುಕೊಳ್ಳಬೇಕು ಎಂಬುದು ಗೊತ್ತಿರಬೇಕು.

ಬಹಳ ಜನ ಇಳಿಜಾರು ಬಂದ ಕೂಡಲೇ ಗೇರನ್ನು ನ್ಯೂಟ್ರಲ್ಲಿಗೆ ಹಾಕುತ್ತಾರೆ. ಕೆಲವರು ಇಂಜಿನ್ನನ್ನೇ ಆರಿಸುತ್ತಾರೆ. ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ. ಇದು ಅಪಾಯ. ಇಂಜಿನ್ ಆರಿಸಿದರೆ ಬ್ರೇಕಿನ ಬಲ ಕುಗ್ಗುತ್ತದೆ, ಪವರ್ ಸ್ಟಿಯರಿಂಗ್ ಇದ್ದರೆ ಅದೂ ಬಿಗಿಯಾಗುತ್ತದೆ. ನ್ಯೂಟ್ರಲ್ಲಿನಲ್ಲಿ ಇಳಿದರೆ ಇಡೀ ಕಾರಿನ ಭಾರವನ್ನು ಬ್ರೇಕುಗಳೇ ತಡೆಯಬೇಕು. ಅವು ಕಾದು ಕಾದು ಕೊನೆಗೆ ಹಿಡಿಯದೇ ಹೋಗಬಹುದು. ಅಷ್ಟು ಅಪಾಯ ಮಾಡಿಕೊಂಡರೂ ನ್ಯೂಟ್ರಲ್ಲಿನಲ್ಲಿ ಲಾಭವಿಲ್ಲ! ಈಗಿನ ಇಂಜೆಕ್ಷನ್ ಇಂಜಿನ್ನುಗಳಲ್ಲಿ ಗೇರ್ ಹಾಕಿಕೊಂಡೇ ಆಕ್ಸಿಲರೇಟರಿನಿಂದ ಪೂರ್ತಿ ಕಾಲು ತೆಗೆದರೆ, ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ, ಕಂಪ್ಯೂಟರು ಪೆಟ್ರೋಲನ್ನು ನಿಲ್ಲಿಸಿಬಿಡುತ್ತದೆ. ಒಂದು ಹನಿಯೂ ಖರ್ಚಿಲ್ಲ. ನ್ಯೂಟ್ರಲ್ ಹಾಕಿದರೆ ಇಂಜಿನ್ ಆರದಂತೆ ನೋಡಿಕೊಳ್ಳಲು ನಿಮಿಷಕ್ಕೆ ಒಂದು ರೂಪಾಯಿಯ ಪೆಟ್ರೋಲ್ ಹೋಗುತ್ತಲೇ ಇರುತ್ತದೆ. ಕಾರ್ಬೊರೇಟರ್ ಇದ್ದ ಹಳೆಯ ಕಾಲದ ನಂಬಿಕೆ ಜನರ ಕೈಯಲ್ಲಿ ಇನ್ನೂ ಉಳಿದುಕೊಂಡಿದೆ.

ಮೊದಲ ತಿರುವಿಗೆ ಮುಂಚೆಯೇ ಎರಡನೇ ಗೇರ್ ಹಾಕಿದೆ. ಇಂಜಿನ್ ಗುಂಯ್ ಎನ್ನುತ್ತ ಕಾರನ್ನು ಹಿಡಿದುಕೊಂಡಿತು. ಬ್ರೇಕನ್ನು ತಿರುವಿನಲ್ಲಿ ಮಾತ್ರ ಮುಟ್ಟಿದೆ. ಮೇಲೆ ಬರುವ ವಾಹನಕ್ಕೆ ಮೊದಲು ದಾರಿ ಬಿಡಬೇಕು ಎಂಬುದು ಘಾಟಿ ರಸ್ತೆಯ ನಿಯಮ. ಒಂದು ಮಿನಿ ಬಸ್ಸಿಗೆ ಹಾಗೆ ನಿಂತು ದಾರಿ ಕೊಟ್ಟೆವು. ಘಾಟಿ ಮುಗಿಯುವಲ್ಲಿ ಒಂದು ಕಾರು ಬದಿಗೆ ನಿಂತಿತ್ತು. ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ. ಬೇರೆ ಊರಿನ ಹುಡುಗರು, ಬಾಟಲಿಯಿಂದ ಚಕ್ರಕ್ಕೆ ನೀರು ಸುರಿಯಲು ಹೊರಟಿದ್ದರು. "ಬೇಡ್ರಪ್ಪಾ, ಕಾದ ಕಬ್ಬಿಣಕ್ಕೆ ತಣ್ಣೀರು ಹಾಕಿದ್ರೆ ಡಿಸ್ಕು ಸೊಟ್ಟ ಆಗತ್ತೆ. ಅರ್ಧ ಗಂಟೆ ಕೂತು ಆರಲಿ ಬಿಡಿ. ಹೊರಡೋ ಮುಂಚೆ ನಿಂತಲ್ಲೇ ಬ್ರೇಕ್ ಒತ್ತಿ ನೋಡಿ, ಸಡಿಲ ಅನ್ನಿಸಿದ್ರೆ ಮೆಕ್ಯಾನಿಕ್ ಕರೆಸಿ" ಎಂದೆ. ನನ್ನಾಕೆ ಅವರಿಗೆ ಚಕ್ಕುಲಿ ಕೊಟ್ಟಳು. ಅವರು ನ್ಯೂಟ್ರಲ್ಲಿನಲ್ಲೇ ಇಳಿದಿದ್ದರಂತೆ.

ಸೋಮೇಶ್ವರದಿಂದ ಹೆಬ್ರಿಗೆ ಕಾಡಿನ ತಂಪು, ಪಕ್ಕದಲ್ಲಿ ಸೀತಾನದಿ. ಆಮೇಲೆ ಪೆರ್ಡೂರು, ಹಿರಿಯಡ್ಕ, ಪರ್ಕಳ, ಮಣಿಪಾಲ. ಕರಾವಳಿಯ ಸೆಕೆ ಶುರುವಾಯಿತು. ಕಿಟಕಿ ತೆರೆಯಬೇಕೋ, ಎ.ಸಿ. ಹಾಕಬೇಕೋ? ಮೆಲ್ಲಗೆ ಹೋಗುವ ಊರೊಳಗೆ ಕಿಟಕಿ ತೆರೆದರೆ ಪೆಟ್ರೋಲ್ ಉಳಿಯುತ್ತದೆ. ಹೆದ್ದಾರಿಯ ವೇಗದಲ್ಲಿ ತೆರೆದ ಕಿಟಕಿಯಿಂದ ಗಾಳಿಯ ಅಡ್ಡಿ ಹೆಚ್ಚುವುದರಿಂದ ಎ.ಸಿ. ಹಾಕುವುದೇ ವಾಸಿ. ಘಾಟಿಯ ಮೇಲಿನ ತಂಪಿನಲ್ಲಿ ನಮಗೆ ಎರಡೂ ಬೇಕಾಗಿರಲಿಲ್ಲ. ಇಲ್ಲಿ ಮೊಮ್ಮಗಳ ಮುಖ ಕೆಂಪಾದದ್ದು ನೋಡಿ ಎ.ಸಿ. ಹಾಕಿದೆ. ಮಗುವನ್ನು ಬೇಯಿಸಿ ಪೆಟ್ರೋಲ್ ಉಳಿಸುವುದು ಉಳಿತಾಯವಲ್ಲ, ಜಿಪುಣತನ.

ಅಕ್ಕ ಜಗಲಿಯಲ್ಲೇ ಕುಳಿತಿದ್ದಳು. ಕಣ್ಣಿಗೆ ಕಪ್ಪು ಕನ್ನಡಕ. "ಬಂದ್ಯೇನೋ ತಮ್ಮಾ? ನೀನೇ ಓಡಿಸ್ಕೊಂಡು ಬಂದ್ಯಾ?" ಎಂದು ಕೈ ಹಿಡಿದುಕೊಂಡಳು. ಒಳಗೆ ಅವಳ ಸೊಸೆ ನಮಗಾಗಿ ನೀರುದೋಸೆ ಹುಯ್ಯುತ್ತಿದ್ದರು. ಅಕ್ಕ ಕುಳಿತಲ್ಲಿಂದಲೇ, "ಕೊನೇ ಎರಡು ದೋಸೆ ಅಲ್ವಾ? ಗ್ಯಾಸ್ ಆರಿಸು, ಕಾವಲಿ ಬಿಸಿಗೇ ಬೇಯತ್ತೆ" ಎಂದಳು.

ಮೊಮ್ಮಗಳು ತಟ್ಟನೆ ನನ್ನ ಮುಖ ನೋಡಿದಳು. "ಅಜ್ಜಾ, ಇದು ಹಂಪು ಬರೋ ಮುಂಚೆ ಕಾಲು ತೆಗೆದ ಹಾಗೇ ಅಲ್ವಾ!" ಎಂದಳು. ಅಕ್ಕ ಎಂದೂ ಸ್ಟಿಯರಿಂಗ್ ಹಿಡಿದವಳಲ್ಲ. ಆದರೆ ಸೌದೆ ಒಲೆಯ ಕಾಲದಿಂದ ಹಿಡಿದು ಗ್ಯಾಸಿನ ಕಾಲದವರೆಗೆ, ಉರಿ ಆರಿದ ಮೇಲೂ ಬಿಸಿ ಉಳಿದಿರುತ್ತದೆ ಎಂಬುದನ್ನು ಬಲ್ಲವಳು. ನಾನು ಲೆಕ್ಕ ಹಾಕಿ ಹೇಳಿದ್ದನ್ನು ಅವಳು ಎಪ್ಪತ್ತು ವರ್ಷದಿಂದ ಮಾಡುತ್ತಲೇ ಬಂದಿದ್ದಾಳೆ.

ಎರಡು ದಿನ ಇದ್ದು ಹೊರಟೆವು. ಬರುವಾಗ ಡಿಕ್ಕಿಯಲ್ಲಿ ತೆಂಗಿನಕಾಯಿ, ಹಲಸಿನ ಹಪ್ಪಳ, ಒಂದು ಬಾಳೆಗೊನೆ. ಅಕ್ಕ ಕೊಟ್ಟದ್ದನ್ನು ಭಾರ ಎಂದು ಬೇಡವೆನ್ನುವಷ್ಟು ಲೆಕ್ಕಿಗ ನಾನಲ್ಲ. ಘಾಟಿಯಲ್ಲಿ 1000 ಕೆ.ಜಿ. ಭಾರವನ್ನು 500 ಮೀಟರ್ ಮೇಲಕ್ಕೆತ್ತಲು, ಎತ್ತರಕ್ಕಾಗಿಯೇ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ಪೆಟ್ರೋಲ್ ಬೇಕು. ಇದನ್ನು ಯಾವ ಜಾಣನೂ ಉಳಿಸಲಾರ. ಹದವಾದ ಗೇರಿನಲ್ಲಿ ಒಂದೇ ಸಮನೆ ಹತ್ತಿ, ತಿರುವು ತಿರುವಿಗೂ ನುಗ್ಗಿ ನಿಲ್ಲಿಸದಿದ್ದರೆ ಅದಕ್ಕಿಂತ ಹೆಚ್ಚು ಪೋಲಾಗದಂತೆ ನೋಡಿಕೊಳ್ಳಬಹುದು.

ಮನೆಗೆ ಬಂದ ಮೇಲೆ ಲೆಕ್ಕ ಕೂಡಿಸಿದೆವು. ಪ್ರಯಾಣಕ್ಕೆ 20 ಲೀಟರ್ ಹಿಡಿದರೆ 2000 ರೂಪಾಯಿ, 8000 ರೂಪಾಯಿಗೆ ವರ್ಷಕ್ಕೆ ನಾಲ್ಕು ಸಲ ಹೋಗಬಹುದು. 16 ಲೀಟರ್ ಹಿಡಿದರೆ 1600 ರೂಪಾಯಿ, ಅದೇ ದುಡ್ಡಿಗೆ ಐದು ಸಲ. ಮೊಮ್ಮಗಳು ಪಾಸ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಳು: 'ಉಳಿತಾಯ: ದೊಡ್ಡಜ್ಜಿಯ ಮನೆಗೆ ಒಂದು ಸಲ.' ಬ್ಯಾಂಕಿನ ಯಾವ ಲೆಡ್ಜರಿನಲ್ಲೂ ನಾನು ಇಂಥ ನಮೂದು ನೋಡಿದವನಲ್ಲ. 84 ವರ್ಷದ ಅಕ್ಕನ ಪಾಲಿಗೆ, ಅವಳಿಗಿಂತ ಹತ್ತು ವರ್ಷ ಚಿಕ್ಕವನಾದ ನನ್ನ ಪಾಲಿಗೆ, ಆ ಒಂದು ಸಲಕ್ಕೆ ಬಡ್ಡಿ ಕಟ್ಟಲು ಯಾವ ಸೂತ್ರವೂ ಇಲ್ಲ. ಅದನ್ನು ಓದಿದ ಮಗ ಏನೂ ಹೇಳಲಿಲ್ಲ. ಮರುದಿನ ಆಫೀಸಿಗೆ ಹೋಗುವಾಗ ಬೀದಿಯ ತುದಿಯ ಹಂಪಿಗೆ ಬಹಳ ಮೊದಲೇ ಕಾರಿನ ಸದ್ದು ಇಳಿದದ್ದು ಮಹಡಿಯ ಮೇಲಿದ್ದ ನನಗೆ ಕೇಳಿಸಿತು.

ಲಾಭ ನಮ್ಮ ಮನೆಯದಷ್ಟೇ ಅಲ್ಲ. ನಮ್ಮ ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಹೊರದೇಶಗಳಿಂದ ಬರುತ್ತದೆ. ಅಕ್ಕನ ಮನೆಯಿಂದ ಕಾಣುವ ಇದೇ ಕಡಲಿನಲ್ಲಿ ಹಡಗುಗಳು ಅದನ್ನು ಮಂಗಳೂರಿಗೆ ಹೊತ್ತು ತರುತ್ತವೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಗಾಳಿ ಸೇರುತ್ತದೆ. ಮುಕ್ಕಾಲು ಕೆ.ಜಿ. ತೂಗುವ ಪೆಟ್ರೋಲಿನಿಂದ ಅಷ್ಟೊಂದು ಹೇಗೆ ಎಂದು ಕೇಳುತ್ತೀರಾ? ಉರಿಯುವಾಗ ಅದು ಗಾಳಿಯ ಆಮ್ಲಜನಕವನ್ನು ಸೇರಿಸಿಕೊಳ್ಳುತ್ತದೆ. ನಾಲ್ಕು ಲೀಟರ್ ಉಳಿದರೆ ಆಗುಂಬೆಯ ಗಾಳಿಗೆ 9 ಕೆ.ಜಿ. ಹೊರೆ ಕಡಿಮೆಯಾಯಿತು.

ಮಕ್ಕಳೇ, ನಿಮಗೆ ಕಾರು ಓಡಿಸಲು ಇನ್ನೂ ವಯಸ್ಸಾಗಿಲ್ಲ. ಆದರೆ ಪಾಸ್‌ಬುಕ್ ಬರೆಯಲು ವಯಸ್ಸಾಗಿದೆ. ಮನೆಯಲ್ಲಿ ಕಾರಿರಲಿ, ಸ್ಕೂಟರಿರಲಿ, ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ದಿನಾಂಕ, ಮೀಟರ್, ಲೀಟರ್, ರೂಪಾಯಿ ಎಂದು ನಾಲ್ಕು ಗೆರೆ ಎಳೆಯಿರಿ. ಬಂಕಿಗೆ ಹೋದಾಗ ಅಪ್ಪ ಅಮ್ಮನ ಜೊತೆ ಹೋಗಿ ಬರೆದುಕೊಳ್ಳಿ. ಎರಡು ತಿಂಗಳು ಏನೂ ಹೇಳದೆ ಬರೆಯಿರಿ, ಮೂರನೇ ತಿಂಗಳು ಅವರಿಗೆ ತೋರಿಸಿ. ಗದರಬೇಡಿ, ಲೆಕ್ಕ ತೋರಿಸಿದರೆ ಸಾಕು. ಉಳಿದ ಪೆಟ್ರೋಲಿನಲ್ಲಿ ಯಾರ ಮನೆಗೆ ಹೋಗಬೇಕು ಎಂದು ಎಲ್ಲರೂ ಸೇರಿ ತೀರ್ಮಾನಿಸಿ. ನಮ್ಮ ಐದನೆಯ ಪ್ರಯಾಣ ಮಳೆ ಹಿಡಿದ ಮೇಲೆ, ಮಂಡಗದ್ದೆಯಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುವ ಹೊತ್ತಿಗೆ ಎಂದು ನಿಶ್ಚಯವಾಗಿದೆ.